ಪೈಲ್ವಾನನಿಗೆ ಸಂಬಳ

ಜಪಾನಿನ ಸುಮೋದಲ್ಲಿ ಆರು ದರ್ಜೆ. ತಿಂಗಳ ಸಂಬಳ ಇರೋದು ಮೇಲಿನ ಎರಡಕ್ಕೆ ಮಾತ್ರ, ಹೆಚ್ಚೆಂದರೆ 70 ಜನಕ್ಕೆ. ಉಳಿದವರು ಗುರುವಿನ ಮನೆಯಲ್ಲೇ ಇದ್ದು, ಅಡುಗೆ ಮಾಡಿ, ಹಿರಿಯರ ಚಾಕರಿ ಮಾಡಿ, ಅಲ್ಲೇ ಉಂಡು ಮಲಗಬೇಕು. ವರ್ಷಕ್ಕೆ 6 ದೊಡ್ಡ ಪಂದ್ಯಾವಳಿ. ಸೋಲು ಜಾಸ್ತಿಯಾಗಿ ಆ ಎರಡು ದರ್ಜೆಯಿಂದ ಕೆಳಗಿಳಿದರೆ ಸಂಬಳವೂ ಹೋಯ್ತು.

ಕ್ರೂರ ಅನ್ನಿಸುತ್ತೆ. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಪೈಲ್ವಾನನಿಗೆ ಇಳಿಯೋಕಾದರೂ ಮೆಟ್ಟಿಲು ಎಲ್ಲಿದೆ? ಜಾತ್ರೆ ಬಂದಾಗ ಜೋಡಿ ಕಟ್ಟುತ್ತಾರೆ. ಗೆದ್ದರೆ ಒಂದಿಷ್ಟು ದುಡ್ಡು, ಹೆಗಲಿಗೊಂದು ಗದೆ, ಹುಡುಗರ ಶಿಳ್ಳೆ. ಬೆಳಗಾದರೆ ಅದೇ ಹೊಗೆಸೊಪ್ಪಿನ ಹೊಲ. ಹಾಲು, ಬಾದಾಮಿ, ತುಪ್ಪ, ಮೊಟ್ಟೆಯ ಲೆಕ್ಕವೆಲ್ಲ ಅವ್ವನ ತಲೆ ಮೇಲೆ.

ದಸರಾ ಕುಸ್ತಿ ನಡೆಯೋ ಮೈಸೂರಿನ ದೊಡ್ಡಕೆರೆ ಮೈದಾನದ ಕ್ರೀಡಾಂಗಣಕ್ಕೆ ಇರೋದು ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರ ಹೆಸರು. ಅಲ್ಲಿ ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ತೊಡೆ ತಟ್ಟುವವರ ಕಿವಿ ಗಮನಿಸಿ: ತಿಕ್ಕಿ ತಿಕ್ಕಿ ಗಂಟುಕಟ್ಟಿರುತ್ತೆ. 'ದಸರಾ ಕಂಠೀರವ', 'ದಸರಾ ಕೇಸರಿ' ಬಿರುದುಗಳೇನೋ ಭರ್ಜರಿಯಾಗಿವೆ. ಮಹಾರಾಜರ ಕಾಲದ ಜೆಟ್ಟಿಗಳಿಗೆ ಅರಮನೆಯ ಆಸರೆಯಾದರೂ ಇತ್ತು.

ಈಗ ಸಂಬಳದ ದಾರಿ ಅಂದರೆ ಕ್ರೀಡಾ ಕೋಟಾದಲ್ಲಿ ಪೊಲೀಸೋ ರೈಲ್ವೆಯೋ. ಅವರು ಕೇಳೋದು ಮ್ಯಾಟ್ ಕುಸ್ತಿಯ ಸರ್ಟಿಫಿಕೇಟು. ನಮ್ಮ ಹುಡುಗ ಕಲಿತಿರೋದು ಗರಡಿ ಮನೆಯ ಮಣ್ಣಲ್ಲಿ. ಜಾತ್ರೆ ಕಮಿಟಿಯವರು ಕೊಟ್ಟ ಗದೆಯನ್ನ ಅರ್ಜಿಗೆ ಲಗತ್ತಿಸೋಕಾಗುತ್ತಾ?