ಪಾವತಿ ಪುಸ್ತಕದಲ್ಲಿ ಹೆಸರಿಲ್ಲದವರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಳೆಯ ಅಂಗಡಿಗಳಲ್ಲಿ ಗಲ್ಲೆಯ ಹಿಂದಿನ ಗೋಡೆಯನ್ನು ನೋಡಿ. ಸಾಮಾನ್ಯವಾಗಿ ಅಲ್ಲಿ ಮೂರು ಕಟ್ಟುಗಳು ತೂಗುತ್ತಿರುತ್ತವೆ. ಮೊದಲನೆಯದರಲ್ಲಿ ಲಕ್ಷ್ಮಿಯೋ, ಬಸವಣ್ಣನೋ, ಕಾಬಾದ ಚಿತ್ರವೋ ಇರುತ್ತದೆ. ಎರಡನೆಯದು ನಗರಸಭೆಯ ಪರವಾನಗಿ. ಮೂರನೆಯದು ವ್ಯಾಪಾರಸ್ಥರ ಸಂಘದ ಸದಸ್ಯತ್ವ ಪತ್ರ. ಅಂಗಡಿಕಾರ ಯಾವ ದೇವರಿಗೆ ಕೈ ಮುಗಿಯುತ್ತಾನೆ ಎಂಬುದನ್ನು ಮೊದಲನೆಯದು ಹೇಳುತ್ತದೆ. ಸರಕಾರಕ್ಕೆ ಶುಲ್ಕ ಕಟ್ಟಿದ್ದನ್ನು ಎರಡನೆಯದು ಹೇಳುತ್ತದೆ. ಮೂರನೆಯದು ಹೇಳುವುದು ಇಷ್ಟೇ: ಈ ಮನುಷ್ಯ ಈ ಪೇಟೆಯವನು. ಸಣ್ಣ ಊರಿನಲ್ಲಿ ಈ ಮೂರನೆಯ ಮಾತಿಗಿರುವ ತೂಕ ಎಂಥದ್ದೆಂದು ನಾವು ಹುಟ್ಟಿದಾಗಿನಿಂದ ಕಾಣುತ್ತ ಬಂದಿದ್ದೇವೆ.

ಸಂಘ ಅಂದರೆ ದೊಡ್ಡ ಕಟ್ಟಡವೇನಲ್ಲ. ಬಹಳಷ್ಟು ಕಡೆ ಅದು ಒಂದು ಕೋಣೆ, ಒಂದು ಜಮಖಾನೆ, ಒಂದು ಪಾವತಿ ಪುಸ್ತಕ. ಆದರೆ ವಾರಕ್ಕೊಂದು ದಿನ ಯಾವಾಗ ಬಾಗಿಲು ಹಾಕಬೇಕು, ಹಮಾಲರ ಕೂಲಿ ಎಷ್ಟು ಏರಬೇಕು, ಜಾತ್ರೆಗೆ ಪೇಟೆಯ ವರ್ಗಣಿ ಎಷ್ಟು, ಯಾರದೋ ಉದ್ದರಿ ವರ್ಷಗಟ್ಟಲೆ ಬಾಕಿ ಉಳಿದರೆ ಇಬ್ಬರನ್ನೂ ಕೂಡಿಸಿ ಯಾರು ಮಾತಾಡಬೇಕು ಎಂಬುದೆಲ್ಲ ಆ ಜಮಖಾನೆಯ ಮೇಲೆ ತೀರ್ಮಾನವಾಗುತ್ತದೆ. ಸದಸ್ಯನೊಬ್ಬ ತೀರಿಕೊಂಡರೆ ಅವನ ಮಯ್ಯತ್ತು ಅಥವಾ ಹೆಣ ಪೇಟೆಯ ಮುಂದೆ ಹಾದು ಹೋಗುವ ತನಕ ಅಂಗಡಿಗಳ ಷಟರ್‌ಗಳು ಅರ್ಧಕ್ಕೆ ಇಳಿಯುತ್ತವೆ. ಇದನ್ನು ಯಾವ ಕಾನೂನೂ ಹೇಳಿಲ್ಲ. ಹಾಗೆ ಷಟರ್ ಇಳಿಸುವಾಗ ಸತ್ತವನ ಜಾತಿಯನ್ನು ಯಾರೂ ಕೇಳುವುದಿಲ್ಲ.

ನಮ್ಮ ಭಾಗದಲ್ಲಿ ಅಡ್ಡಹೆಸರು ಹೇಳಿದರೆ ಸಾಕು, ಕಸುಬು ಗೊತ್ತಾಗುತ್ತದೆ. ಬಾಗವಾನರು ಹಣ್ಣಿನವರು, ಅತ್ತಾರರು ಅತ್ತರಿನವರು, ತಾಂಬೋಳಿಗಳು ಎಲೆ-ಅಡಿಕೆಯವರು, ಮಣಿಯಾರರು ಬಳೆಯವರು, ನದಾಫರು ಹತ್ತಿ ಹಿಂಜುವವರು, ಶಿಕಲಗಾರರು ಚಾಕು-ಕತ್ತರಿಗೆ ಸಾಣೆ ಹಿಡಿಯುವವರು, ಮೋಮಿನರು ನೇಯುವವರು. ಇನ್ನೊಂದು ಕಡೆ ಹಟಗಾರರು, ದೇವಾಂಗದವರು, ಬಣಜಿಗರು, ಗಾಣಿಗರು, ಪತ್ತಾರರು, ಕಂಬಾರರು. ಈಗ ಎಷ್ಟೋ ಮಂದಿ ಹೆಸರಿನ ಕಸುಬನ್ನು ಬಿಟ್ಟಿದ್ದಾರೆ. ಆದರೂ ಒಬ್ಬರ ಕಸುಬು ಇನ್ನೊಬ್ಬರ ಕಸುಬಿನ ಹೊಟ್ಟೆಯೊಳಗಿದೆ ಎಂಬುದು ಬದಲಾಗಿಲ್ಲ. ಬನಹಟ್ಟಿಯ ಮಗ್ಗದ ಸೀರೆ ಮಾರಾಟವಾದರೆ ಕಿರಾಣಿ ಅಂಗಡಿಯ ಉದ್ದರಿ ಚುಕ್ತಾ ಆಗುತ್ತದೆ. ಜಮಖಂಡಿ, ಮುಧೋಳದ ಕಬ್ಬಿನ ಬಿಲ್ಲು ಬಂದರೆ ಮದುವೆಯ ಜವಳಿ ಹರಿಯುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆ ಬಿದ್ದರೆ ಬಳೆಗಾರನ ಗಂಟೂ ಬಿಚ್ಚುವುದಿಲ್ಲ.

ವ್ಯಾಪಾರಸ್ಥರು ಸಂಘ ಕಟ್ಟುವುದು ಇಂಗ್ಲಿಷರಿಂದ ಕಲಿತ ವಿದ್ಯೆಯಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಐಹೊಳೆಯನ್ನು ಇಂದು ಎಲ್ಲರೂ ಗುಡಿಗಳಿಗಾಗಿ ಬಲ್ಲರು. ಶಾಸನಗಳಲ್ಲಿ ಅದು ಅಯ್ಯಾವೊಳೆ, ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ತವರು. ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿದ್ದ ಈ ಸಂಘದ ಹೆಸರಿನ ತಮಿಳು ಶಾಸನವೊಂದು ಕಡಲಾಚೆಯ ಸುಮಾತ್ರಾದಲ್ಲಿ ಸಿಕ್ಕಿದೆ, ಅದರ ಕಾಲ ಕ್ರಿ.ಶ. 1088. ಬನಹಟ್ಟಿಗೆ ಹತ್ತಿರದ ತೇರದಾಳದ 12ನೇ ಶತಮಾನದ ಶಾಸನಗಳಲ್ಲೂ ಈ ಐನೂರ್ವರು ಬರುತ್ತಾರೆ, ಅಲ್ಲಿನ ಜೈನ ಬಸದಿಗೆ ದತ್ತಿ ಬಿಟ್ಟವರಾಗಿ. ಆ ಸಂಘದೊಳಗೆ ಜೈನರೂ ಇದ್ದರು, ಶೈವರೂ ವೈಷ್ಣವರೂ ಇದ್ದರು. ಹಲವು ದೇಶದವರು ಸೇರಿದ್ದರಿಂದ ಅವರಿಗೆ ನಾನಾದೇಶಿಗಳೆಂಬ ಹೆಸರೂ ಇತ್ತು.

ಇನ್ನೊಂದು ಶಬ್ದ ನಮ್ಮನ್ನು ಬಹಳ ದಿನಗಳಿಂದ ಹಿಡಿದಿಟ್ಟಿದೆ. ಹೊನ್ನಾವರ, ಭಟ್ಕಳ ಕಡೆಯ ಕರಾವಳಿಯ ಹಳೆಯ ಶಾಸನಗಳಲ್ಲಿ ನಖರದ ಜೊತೆಗೆ ಹಂಜಮಾನ ಎಂಬ ವರ್ತಕ ಕೂಟದ ಹೆಸರು ಬರುತ್ತದೆ. ಕಡಲ ದಾರಿಯಲ್ಲಿ ಬಂದ ಪರದೇಶದ ವ್ಯಾಪಾರಿಗಳ ಕೂಟ ಅದು, ಮುಸ್ಲಿಮರೂ ಅದರಲ್ಲಿದ್ದರು. ಹಂಜಮಾನ ಎಂದರೆ ಫಾರಸಿಯ ಅಂಜುಮನ್. ಸಭೆ, ಕೂಟ, ಸಂಘ ಎಂದು ಅದರ ಅರ್ಥ. ಇಂದು ನಮ್ಮ ಊರುಗಳಲ್ಲಿ ಅಂಜುಮನ್ ಎಂದರೆ ಮಸೀದಿ, ಮದರಸಾ, ಶಾಲೆ, ಖಬರಸ್ತಾನದ ವ್ಯವಹಾರ ನೋಡುವ ಸಂಸ್ಥೆ. ಕನ್ನಡ ನೆಲಕ್ಕೆ ಆ ಶಬ್ದ ಮೊದಲು ಬಂದಾಗ ಅದು ಪೇಟೆಯ ಶಬ್ದವಾಗಿತ್ತು. ಕನ್ನಡ ಕಲ್ಲಿನ ಮೇಲೆ ನಖರದ ಪಕ್ಕದಲ್ಲೇ ಕೂತಿತ್ತು.

ಇಸ್ಲಾಮಿನ ಚರಿತ್ರೆಯಲ್ಲಿ ಇದಕ್ಕಿಂತ ಹಳೆಯ ಮಾತೊಂದಿದೆ. ಪೈಗಂಬರರು ಪ್ರವಾದಿಯಾಗುವ ಮೊದಲು ವ್ಯಾಪಾರಸ್ಥರಾಗಿದ್ದರು, ನಂಬಿಕಸ್ಥ ಎಂಬರ್ಥದ ಅಲ್ ಅಮೀನ್ ಎಂಬ ಹೆಸರು ಗಳಿಸಿದ್ದರು. ಅವರು ಇನ್ನೂ ತರುಣರಿದ್ದಾಗ ಯಮನ್ ದೇಶದ ವ್ಯಾಪಾರಿಯೊಬ್ಬ ಮಕ್ಕಾದ ಪ್ರಮುಖನೊಬ್ಬನಿಗೆ ಸರಕು ಮಾರಿದ. ಕೊಂಡವನು ಹಣ ಕೊಡಲಿಲ್ಲ. ಊರಲ್ಲಿ ತನ್ನವರೆಂಬುವರಿಲ್ಲದ ಆ ಪರದೇಶಿ ಗುಡ್ಡ ಹತ್ತಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ. ಆಗ ಕೆಲವು ಕುಲಗಳ ಹಿರಿಯರು ಅಬ್ದುಲ್ಲಾ ಬಿನ್ ಜುದ್ಆನ್ ಎಂಬವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ಸಿಗುವವರೆಗೆ ಅವನ ಜೊತೆ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಹಿಲ್ಫುಲ್ ಫುಜೂಲ್ ಎಂದು ಅದರ ಹೆಸರು. ಅಂಥ ಒಪ್ಪಂದಕ್ಕೆ ಈಗ ಕರೆದರೂ ಹೋಗುವೆ ಎಂದು ಪ್ರವಾದಿಯಾದ ಮೇಲೂ ಅವರು ಹೇಳಿದ್ದಾಗಿ ಚರಿತ್ರೆ ಹೇಳುತ್ತದೆ. ಆ ಸಭೆಯಲ್ಲಿ ಇದ್ದವರು ಮುಸ್ಲಿಮರಲ್ಲ, ಇಸ್ಲಾಂ ಇನ್ನೂ ಬಂದಿರಲೇ ಇಲ್ಲ. ನ್ಯಾಯ ಪಡೆದವನು ಆ ಊರಿನವನೂ ಆಗಿರಲಿಲ್ಲ. ಸಂಘವೆಂದರೆ ಏನೆಂದು ಯಾರಾದರೂ ಕೇಳಿದರೆ ನಾವು ಈ ಕಥೆಯನ್ನೇ ಹೇಳುತ್ತೇವೆ.

ಈ ಅಳತೆಗೋಲು ಹಿಡಿದು ನಮ್ಮ ಪೇಟೆಯನ್ನು ನೋಡಿದರೆ ಏನು ಕಾಣುತ್ತದೆ? ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನ ಸಂಘದ ಸಭೆಯಲ್ಲಿ ನಾವಿದ್ದೆವು. ಮಣಿಯಾರರ ವಿಧವೆಯೊಬ್ಬರು ವರ್ಗಣಿಯ ರೊಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ತಮ್ಮ ಹೆಸರಿಗೂ ಒಂದು ಪಾವತಿ ಹರಿಯಿರಿ ಎಂದರು. ಬರೆಯುತ್ತಿದ್ದ ಹಿರಿಯರು ಒಳ್ಳೆಯವರೇ. "ಅಂಗಡಿ ಎಲ್ಲೈತಿ ಬೂಬವ್ವ? ನಂಬರ ಹೇಳು" ಎಂದು ಕೇಳಿದರು. "ನನ್ನ ಅಂಗಡಿ ನನ್ನ ತಲೀ ಮ್ಯಾಲ ಐತ್ರೀ ಸಾವಕಾರ್ರ" ಎಂದರು ಆಕೆ. ಎಲ್ಲರೂ ನಕ್ಕರು, ಆಕೆಯೂ ನಕ್ಕರು. ಪಾವತಿ ಹರಿಯಲಿಲ್ಲ. ಬಾಡಿಗೆ ಚೀಟಿಯಾಗಲಿ ಪರವಾನಗಿಯಾಗಲಿ ಇಲ್ಲದವರನ್ನು ಸೇರಿಸಲು ನಿಯಮವಿಲ್ಲ ಎಂದರು. ಸಭೆ ಮುಗಿದ ಮೇಲೆ ಅದೇ ಸಂಘದ ಒಬ್ಬ ಜವಳಿ ವ್ಯಾಪಾರಿ, ಸಂತೆಯ ದಿನ ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾರಲು ಆಕೆಗೆ ಹೇಳಿದ. ಬಿಸಿಲಿಗೆ ನೆರಳಾಯಿತು. ಆದರೆ ನೆರಳು ಬೇರೆ, ಹೆಸರು ಬೇರೆ. ಕಟ್ಟೆಯ ಜಾಗ ಒಬ್ಬನ ಒಳ್ಳೆಯತನದಿಂದ ಸಿಕ್ಕದ್ದು, ಅವನ ಮಗ ಬೇಡವೆಂದರೆ ಮುಗಿಯಿತು. ಪಾವತಿಯಲ್ಲಿ ಹೆಸರು ಬಂದಿದ್ದರೆ ಅದು ಆಕೆಯ ಹಕ್ಕಾಗುತ್ತಿತ್ತು.

ಹತ್ತನೆಯ ಶತಮಾನದಲ್ಲಿ ಮುಧೋಳದಲ್ಲಿ ಹುಟ್ಟಿದ ಕವಿಚಕ್ರವರ್ತಿ ರನ್ನ ಬಳೆಗಾರರ ಕುಲದವನು. ಅವನ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಅವನ ಕುಲಕಸುಬನ್ನು ತಲೆಯ ಮೇಲೆ ಹೊತ್ತು ಇಂದು ಅದೇ ಊರುಗಳಲ್ಲಿ ತಿರುಗುವವರಿಗೆ ಪೇಟೆಯ ಪುಸ್ತಕದಲ್ಲಿ ಜಾಗವಿಲ್ಲ.

ಹೀಗೆ ಹೊರಗುಳಿದವರು ಮಣಿಯಾರ ಹೆಂಗಸರಷ್ಟೇ ಅಲ್ಲ. ಕೈಗಾಡಿಯ ಬಾಗವಾನರು, ಸಾಣೆ ಹಿಡಿಯುವ ಶಿಕಲಗಾರರು, ಹಳ್ಳಿಯಿಂದ ಬುಟ್ಟಿ ತರುವ ಕಾಯಿಪಲ್ಲೆಯ ಅವ್ವಂದಿರು ಎಲ್ಲರೂ ಹೊರಗಿನವರೇ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮಾಲಕರಿಗೆ ಸಂಘವಿದೆ, ನೇಕಾರರಿಗೆ ಸಹಕಾರಿ ಸಂಘಗಳಿವೆ. ಮನೆಯಲ್ಲಿ ಕೂತು ಕಂಡಿಕೆ ಸುತ್ತುವ ಹೆಂಗಸಿನ ದುಡಿಮೆ ಗಂಡನ ಕೂಲಿಯೊಳಗೇ ಕರಗಿ ಹೋಗುತ್ತದೆ. ಹಾಸು-ಹೊಕ್ಕು ಎರಡೂ ಸೇರಿದರೆ ಸೀರೆ. ಸಭೆಗೆ ಕರೆ ಬರುವುದು ಮಾತ್ರ ಒಂದೇ ಎಳೆಗೆ.

ಕಾನೂನು ಈ ವಿಷಯದಲ್ಲಿ ಪೇಟೆಗಿಂತ ಮುಂದೆ ಹೋಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ರಚಿಸಬೇಕಾದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರನ್ನು ಬೀದಿ ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. 2020ರಲ್ಲಿ ಕೊರೊನಾ ಕಾಲದಲ್ಲಿ ಇವರಿಗಾಗಿಯೇ ಮೊದಲ ಕಂತು 10,000 ರೂಪಾಯಿಯ ಸಾಲ ಯೋಜನೆಯೂ ಬಂತು. ತಲೆಯ ಮೇಲಿನ ಅಂಗಡಿಯನ್ನು ದಿಲ್ಲಿಯ ಕಾನೂನು ಅಂಗಡಿಯೆಂದು ಒಪ್ಪಿರುವಾಗ ನಮ್ಮ ಊರಿನ ಸಂಘಗಳು ಒಪ್ಪಲು ಏನು ತೊಡಕು?

ಒಟ್ಟಾಗಿ ನಿಂತು ಗೆದ್ದ ನೆನಪು ಈ ನೆಲಕ್ಕೆ ಇಲ್ಲದಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ನೀರು ಬಂದಾಗ ಅದು ವರ್ಗಣಿ ಕೊಟ್ಟವನ ಜಾತಿ ನೋಡಿ ಹರಿಯಲಿಲ್ಲ. ಅದೇ ಕೃಷ್ಣೆ ಆಲಮಟ್ಟಿಯ ಹಿನ್ನೀರಾಗಿ ಬೀಳಗಿ ತಾಲೂಕಿನ ಹಳ್ಳಿಗಳನ್ನು ನುಂಗಿದಾಗ ಬೇರೊಂದು ಪಾಠ ಸಿಕ್ಕಿತು. ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕ ಹಾಕಬಹುದು. ಮೂರು ತಲೆಮಾರು ಉದ್ದರಿ ಕೊಟ್ಟ ಅಂಗಡಿಗೂ ಅದನ್ನು ತೀರಿಸುತ್ತ ಬಂದ ಮನೆಗೂ ನಡುವೆ ಇದ್ದ ಪತ್ತಿಗೆ ಯಾವ ಅಧಿಕಾರಿ ಬೆಲೆ ಕಟ್ಟಬೇಕು? ಪುನರ್ವಸತಿಯ ಹೊಸ ಊರಿನಲ್ಲಿ ಅಂಗಡಿ ಹಾಕಿದವರು ಆ ಪತ್ತನ್ನು ಮೊದಲಿನಿಂದ ಗಳಿಸಬೇಕಾಯಿತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದಾಗ ಮಗ್ಗ ಕಳೆದುಕೊಂಡವರೂ ಸರಕು ಕಳೆದುಕೊಂಡವರೂ ಒಂದೇ ಗಂಜಿಕೇಂದ್ರದ ಸಾಲಿನಲ್ಲಿ ಕೂತಿದ್ದರು.

ಆದರೆ ಮೂರು ವರ್ಷ ಕಳೆಯುವುದರೊಳಗೆ, 2022ರ ಮಾರ್ಚಿನಲ್ಲಿ, ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಫಲಕಗಳು ಎದ್ದವು. ದೇವಸ್ಥಾನದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಏಪ್ರಿಲಿನಲ್ಲಿ ಧಾರವಾಡದ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಆವರಣದಲ್ಲಿ ಬಡ ಮುದುಕನೊಬ್ಬನ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆದರು. ಆ ಚಿತ್ರ ನಮ್ಮ ಊರುಗಳ ಪ್ರತಿಯೊಬ್ಬ ಬಾಗವಾನನ ಮೊಬೈಲಿಗೂ ಬಂತು. ಆ ವಾರ ನಾವು ಮಾತಾಡಿಸಿದ ಕೈಗಾಡಿಯವರು ಸಿಟ್ಟಿನ ಮಾತು ಆಡಲಿಲ್ಲ. ಅವರು ಕೇಳಿದ ಪ್ರಶ್ನೆ ಒಂದೇ: ನಮ್ಮ ಗಾಡಿಗೆ ಹೀಗಾದರೆ ಪೇಟೆಯವರು ಷಟರ್ ಇಳಿಸುತ್ತಾರೆಯೇ?

ಈ ಪ್ರಶ್ನೆಗೆ ಭಾಷಣದಲ್ಲಿ ಉತ್ತರವಿಲ್ಲ. ಧಾರವಾಡದ ಆ ಮುದುಕನಿಗೆ ಎಲ್ಲ ಧರ್ಮದ ಜನ ಹಣ ಕಳಿಸಿದರು, ಅದು ಸಣ್ಣ ಮಾತಲ್ಲ. ಆದರೆ ಕರುಣೆ ಕೆಟ್ಟ ಘಟನೆ ನಡೆದ ಮೇಲೆ ಬರುತ್ತದೆ, ಸದಸ್ಯತ್ವ ಅದಕ್ಕೂ ಮೊದಲು ಇರುತ್ತದೆ. ಪಾವತಿ ಪುಸ್ತಕದಲ್ಲಿ ಹೆಸರಿರುವವನ ಗಾಡಿಗೆ ಕೈ ಹಾಕುವವನು ಇಡೀ ಪೇಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹೆಸರಿಲ್ಲದವನಾದರೆ ಅವನು ಬರೀ ಒಬ್ಬ ಮುಸಲ್ಮಾನ.

ನಮ್ಮ ಸಮುದಾಯದ ಒಳಗೂ ಒಂದು ಮಾತು ಹೇಳಬೇಕಿದೆ. ಅಂಜುಮನ್ ಚುನಾವಣೆ ಬಂದರೆ ಗಲ್ಲಿ ಗಲ್ಲಿ ತಿರುಗುವ ಉತ್ಸಾಹಿ ಹುಡುಗರು ವ್ಯಾಪಾರಸ್ಥರ ಸಂಘದ ವಾರ್ಷಿಕ ಸಭೆಗೆ ಹೋಗುವುದು ಅಪರೂಪ. ಅಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ ಎನ್ನುತ್ತಾರೆ. ಖಾಲಿ ಕುರ್ಚಿಯ ಮಾತನ್ನು ಎಲ್ಲಿಯೂ ಯಾರೂ ಕೇಳುವುದಿಲ್ಲ. ಖಬರಸ್ತಾನದ ಗೋಡೆ ಅಂಜುಮನ್ ಕಟ್ಟಿಸಲಿ. ಸಂತೆಯ ಕಟ್ಟೆ, ಹಮಾಲರ ಕೂಲಿ, ಚರಂಡಿ, ಜಿಎಸ್‌ಟಿ ನೋಟೀಸು, ಮೊಬೈಲಿನಲ್ಲೇ ಸರಕು ತರಿಸುವ ಗಿರಾಕಿ ಇವೆಲ್ಲ ಇಡೀ ಪೇಟೆಯ ಕಷ್ಟಗಳು. 2017ರಲ್ಲಿ ಜಿಎಸ್‌ಟಿ ಬಂದಾಗ ಬಣಜಿಗರ ಅಂಗಡಿಗೂ ಅತ್ತಾರರ ಅಂಗಡಿಗೂ ಬಂದ ತಲೆನೋವು ಒಂದೇ ಆಗಿತ್ತು.

ಸಂಘಗಳ ಹಿರಿಯರಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ನಿಯಮದಲ್ಲಿ ಒಂದು ಸಾಲು ಸೇರಿಸಿ: ಕೈಗಾಡಿ, ಬುಟ್ಟಿ, ತಲೆಹೊರೆಯ ವ್ಯಾಪಾರಿಗಳಿಗೂ ಕಡಿಮೆ ವರ್ಗಣಿಯಲ್ಲಿ ಸದಸ್ಯತ್ವ ಉಂಟು, ಮತ ಉಂಟು. ನಗರಸಭೆ ಕೊಡುವ ಬೀದಿ ವ್ಯಾಪಾರದ ಗುರುತಿನ ಚೀಟಿಯನ್ನೇ ಅಂಗಡಿ ನಂಬರೆಂದು ಬರೆದುಕೊಳ್ಳಿ. ಹೆಂಗಸರು ಬಂದರೆ ಕೂಡುವುದಕ್ಕೆ ಜಮಖಾನೆಯ ಮೇಲೆ ಜಾಗ ಬಿಡಿ. ಅಯ್ಯಾವೊಳೆಯವರು ಸಮುದ್ರದಾಚೆಯ ತನಕ ಬೆಳೆದದ್ದು ಬಾಗಿಲು ಹಾಕಿಕೊಂಡಲ್ಲ.

ಆ ಮಣಿಯಾರ ತಾಯಿ ಈಗ ಸಂತೆಗೆ ಬರುತ್ತಿಲ್ಲ, ಮಂಡಿನೋವೆಂದು ಮನೆಯಲ್ಲಿದ್ದಾರೆ. ಅವರ ಸೊಸೆ ಗಂಟು ಹೊತ್ತು ತಿರುಗುತ್ತಿದ್ದಾಳೆ. ಆಕೆಯ ಹತ್ತಿರ ಬೀದಿ ವ್ಯಾಪಾರದ ಚೀಟಿಯಿದೆ. ವರ್ಗಣಿ ಕೊಡಲು ತಯಾರಿದ್ದಾಳೆ. ಪಾವತಿ ಯಾರು ಹರಿಯುತ್ತಾರೆಂಬುದಷ್ಟೇ ಉಳಿದಿದೆ.