ಕಟ್ಟು ಕಟ್ಟುವ ವಿವೇಕ

ಕಳೆದ ಬೇಸಿಗೆಯಲ್ಲಿ ಮೊಮ್ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಸರ್ವರುಗಳಿಗೆ ತಂತ್ರಾಂಶ ಬರೆಯುವುದು ಅವನ ಉದ್ಯೋಗ. ಜಗಲಿಯಲ್ಲಿ ದಿನವಿಡೀ ಗಣಕದ ಮುಂದೆ ಕುಳಿತಿದ್ದವನನ್ನು, "ಎಂತ ಮಾರಾಯಾ, ಅಷ್ಟು ತಲೆಬಿಸಿ?" ಎಂದು ಕೇಳಿದೆ. "ನಮ್ಮ ಪ್ರೋಗ್ರಾಂ ಉತ್ತರವನ್ನು ಚೂರುಚೂರಾಗಿ ಕಳುಹಿಸುತ್ತಿದೆ ಅಜ್ಜ, ಒಟ್ಟುಮಾಡಿ ಕಳುಹಿಸಬೇಕು" ಎಂದ. ಇದು ನನಗೆ ಪರಿಚಿತವಾದ ವಿಷಯವೆನಿಸಿ, ಬಿಡಿಸಿ ಹೇಳೆಂದೆ.

ಅವನು ಹೇಳಿದುದರ ಸಾರ ಹೀಗಿದೆ. ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಲಕೋಟೆಗಳಲ್ಲಿ ಸಂಚರಿಸುತ್ತದೆ. ಪ್ರತಿ ಲಕೋಟೆಯ ಮೇಲೆ ವಿಳಾಸ ಮುಂತಾದ ವಿವರಗಳಿಗೇ 40 ಬೈಟ್ ಬೇಕು. ಒಳಗೆ ಒಂದೇ ಅಕ್ಷರವಿದ್ದರೆ ಒಂದು ಬೈಟಿನ ಸರಕಿಗೆ 41 ಬೈಟಿನ ಹೊರೆ. 1460 ಅಕ್ಷರಗಳನ್ನು ಒಂದೊಂದಾಗಿ ಕಳುಹಿಸಿದರೆ 59,860 ಬೈಟ್. ಒಂದೇ ಕಟ್ಟಿನಲ್ಲಿ ಕಳುಹಿಸಿದರೆ 1500. ಅಷ್ಟೇ ಅಲ್ಲ, ಪ್ರತಿ ಚೂರಿಗೂ ಪ್ರೋಗ್ರಾಂ ಕಾರ್ಯಾಚರಣ ವ್ಯವಸ್ಥೆಯ ಬಾಗಿಲು ತಟ್ಟಬೇಕು. ಸರ್ವರಿನ ಶಕ್ತಿಯೆಲ್ಲ ಹೋಗಿಬರುವುದರಲ್ಲಿಯೇ ವ್ಯಯವಾಗುತ್ತದೆ.

ಇದಕ್ಕೆ ಅಮೆರಿಕದ ಫೋರ್ಡ್ ಏರೋಸ್ಪೇಸ್ ಸಂಸ್ಥೆಯಲ್ಲಿದ್ದ ಜಾನ್ ನೇಗಲ್ ಎಂಬವರು 1984ರಲ್ಲಿ ಒಂದು ನಿಯಮವನ್ನು ಸೂಚಿಸಿದರು. ಹಿಂದೆ ಕಳುಹಿಸಿದುದಕ್ಕೆ 'ತಲುಪಿತು' ಎಂಬ ಮರುನುಡಿ ಇನ್ನೂ ಬಾರದಿದ್ದರೆ ಹೊಸ ಚೂರುಗಳನ್ನು ಕೂಡಿಸಿಡಬೇಕು. ಮರುನುಡಿ ಬಂದೊಡನೆ, ಅಥವಾ ಲಕೋಟೆ ತುಂಬಿದೊಡನೆ, ಕಳುಹಿಸಬೇಕು. ಬಾಕಿ ಏನೂ ಇಲ್ಲದಿದ್ದರೆ ಒಂದೇ ಅಕ್ಷರವಾದರೂ ತಡೆಯದೆ ಹೊರಡಬೇಕು.

ಆದರೆ ಇಲ್ಲಿಯೂ ಒಂದು ತೊಡಕುಂಟು. ತನ್ನ ಉತ್ತರದ ಜೊತೆಗೇ ಮರುನುಡಿಯನ್ನೂ ಕಳುಹಿಸೋಣವೆಂದು ಆಚೆ ಬದಿಯೂ ತುಸು ಕಾಯುತ್ತದೆ. ಸಂದೇಶದ ಕೊನೆಯ ಚೂರು ಮರುನುಡಿಗಾಗಿ ಈಚೆ ನಿಂತಿರುತ್ತದೆ. ಸಂದೇಶ ಪೂರ್ತಿಯಾಗದೆ ಆಚೆಯವನು ಉತ್ತರಿಸಲಾರ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂರುತ್ತಾರೆ. ಹಲವು ವ್ಯವಸ್ಥೆಗಳಲ್ಲಿ ಈ ವಿಳಂಬ ಸೆಕೆಂಡಿನ ಐದನೆಯ ಒಂದು ಪಾಲಿನಷ್ಟಾಗುತ್ತದೆಯಂತೆ. ಆದುದರಿಂದ ಮೊಮ್ಮಗನು ನೇಗಲರ ನಿಯಮವನ್ನು ನಿಲ್ಲಿಸಿ, ಉತ್ತರದ ಚೂರುಗಳನ್ನು ತಾನೇ ಬಫರಿನಲ್ಲಿ ಕೂಡಿಸಿ, ಉತ್ತರ ಪೂರ್ಣವಾದ ಕ್ಷಣವೇ ಒಂದೇ ಬಾರಿಗೆ ಹೊರಗೆ ಬಿಡುವ ವ್ಯವಸ್ಥೆ ಮಾಡಿದ.

ಕೇಳುತ್ತ ಕೇಳುತ್ತ ನನಗೆ 1990ರ ದಶಕದ ಒಂದು ಮಳೆಗಾಲ ನೆನಪಾಯಿತು. ಬದಿಯಡ್ಕದ ಕಡೆಯ ಕನ್ನಡ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯ. ಶಾಲೆಯಲ್ಲಿ ಗುಮಾಸ್ತರಿರಲಿಲ್ಲ. ಶಿಕ್ಷಣ ಕಚೇರಿಗೆ ಬಸ್ಸಿನಲ್ಲಿ ಹೋಗಿಬರಲು ಅರ್ಧ ದಿನ ಬೇಕು. ಅಷ್ಟು ಹೊತ್ತು ನನ್ನ ತರಗತಿ ಅನಾಥ. ಆದುದರಿಂದ ಕಾಗದಗಳನ್ನು ಕಟ್ಟು ಮಾಡಿಯೇ ಒಯ್ಯುವ ಪದ್ಧತಿಯಿಟ್ಟುಕೊಂಡಿದ್ದೆ. ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಆ ವರ್ಷ ವಿದ್ಯಾರ್ಥಿವೇತನಕ್ಕೆ ನಾಲ್ವರು ಅರ್ಹರು. ಏಳನೆಯ ತರಗತಿಯ ಹುಡುಗನೊಬ್ಬನ ತಾಯಿ, ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದವಳು, ಮೊದಲ ದಿನವೇ ಅರ್ಜಿಯನ್ನು ತಂದುಕೊಟ್ಟಳು. ಉಳಿದ ಮೂವರಿಗೆ ವಿಲ್ಲೇಜ್ ಆಫೀಸಿನಿಂದ ಆದಾಯ ಪ್ರಮಾಣಪತ್ರ ಬರಬೇಕಿತ್ತು. ನಾಲ್ಕನ್ನೂ ಒಟ್ಟಿಗೆ ಒಯ್ಯೋಣವೆಂದು ಮೊದಲನೆಯದನ್ನು ಕಪಾಟಿನಲ್ಲಿರಿಸಿದೆ. ನಡುವೆ ಜಡಿಮಳೆ, ರಜೆ. ನಾನು ಕಟ್ಟನ್ನು ಒಯ್ದಾಗ ಕೊನೆಯ ದಿನಾಂಕ ಕಳೆದಿತ್ತು.

ವಿಷಯ ತಿಳಿಸಿದಾಗ ಆ ತಾಯಿ, "ಆಗಲಿ ಮಾಸ್ಟ್ರೇ" ಎಂದಷ್ಟೇ ಹೇಳಿದಳು. ಮರುವರ್ಷ ಹುಡುಗ ಎಂಟನೆಯ ತರಗತಿಗೆ ಸೇರಲಿಲ್ಲ; ಮಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ವಿದ್ಯಾರ್ಥಿವೇತನ ಬಂದಿದ್ದರೆ ಓದುತ್ತಿದ್ದನೋ ಏನೋ, ಹೇಳಲಾರೆ. ಆದರೆ ಅವನ ಅರ್ಜಿ ನನ್ನ ಕಪಾಟಿನಲ್ಲಿ ಮೂರು ವಾರ ಮಲಗಿದ್ದುದು ನಿಜ.

ಕಟ್ಟು ಕಟ್ಟಿದ್ದು ತಪ್ಪಲ್ಲವೆಂದು ಈಗಲೂ ನಂಬುತ್ತೇನೆ. ಅದರಿಂದಾಗಿಯೇ ನೂರಾರು ಪಾಠಗಳು ತಪ್ಪದೆ ನಡೆದವು. ನಾನು ಮರೆತದ್ದು ಆ ನಿಯಮದ ಇನ್ನೊಂದು ಭಾಗವನ್ನು: ಎಷ್ಟರವರೆಗೆ ಕಾಯಬೇಕು, ಯಾವಾಗ ಒಂದನ್ನೇ ಹೊರಡಿಸಬೇಕು ಎಂಬುದನ್ನು. ಕೂಡಿಸಿಡುವುದರ ಅನುಕೂಲ ನನ್ನದಾಗಿತ್ತು, ಕಾದವರು ಬೇರೆಯವರು.

ಈ ಸಂಗತಿಯನ್ನು ಮೊಮ್ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಗಣಕದತ್ತ ತಿರುಗಿದ. ಈಗ ನೆರೆಹೊರೆಯ ವೃದ್ಧರು ಪಿಂಚಣಿಯ ಕಾಗದ ತಂದುಕೊಟ್ಟರೆ, ಇನ್ನೊಂದು ಬರಲೆಂದು ನಾನು ಕಾಯುವುದಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.