ಅವ್ವಂದಿರಿಗೂ ಸೈಕಲ್ ಬರಲಿ

2006-07ರಲ್ಲಿ ಶುರುವಾದ ಸರ್ಕಾರದ ಸೈಕಲ್ ಯೋಜನೆಯಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಂಟನೇ ತರಗತಿಯ ಹುಡುಗಿಯರ ಕೈಗೂ ಸೈಕಲ್ ಬಂತು. ಅವರ ಅವ್ವಂದಿರಲ್ಲಿ ಎಷ್ಟೋ ಮಂದಿ ಇಂದಿಗೂ ಹ್ಯಾಂಡಲ್ ಹಿಡಿದಿಲ್ಲ. ಮಗಳು ಕಾಲೇಜಿಗೆ ಹೋದ ಮೇಲೆ ಆ ಸೈಕಲ್ ದನದ ಕೊಟ್ಟಿಗೆಯಲ್ಲಿ ಧೂಳು ಹಿಡಿಯುತ್ತದೆ. ಡೇರಿಗೆ ಹಾಲು, ಹೊಲಕ್ಕೆ ಬುತ್ತಿ ಹೊತ್ತು ಅವ್ವ ನಡೆದೇ ಹೋಗುತ್ತಾಳೆ.

ನಲವತ್ತು ದಾಟಿದವರಿಗೂ ಸೈಕಲ್ ಬರುತ್ತದೆ, ಕಲಿಸುವ ಬಗೆ ಬೇರೆ ಅಷ್ಟೇ. ಹಿಂದೆ ಸೀಟು ಹಿಡಿದು ಓಡುವುದು ಬೇಡ. ಕೂತಾಗ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸಿ. ಪಾನಾ ಹಾಕಿ ಪೆಡಲ್ ಎರಡನ್ನೂ ಬಿಚ್ಚಿ (ಎಡಗಡೆಯದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು, ನೆನಪಿರಲಿ). ಶಾಲೆಯ ಮೈದಾನದಲ್ಲಿ ಕಾಲಿನಿಂದ ನೆಲ ತಳ್ಳುತ್ತಾ ಸಾಗಲಿ. ಕಣ್ಣು ಮುಂದಿನ ಗಾಲಿಯ ಮೇಲೆ ಬೇಡ, ದೂರಕ್ಕಿರಲಿ. ಎರಡೂ ಕಾಲೆತ್ತಿ ನಾಲ್ಕಾರು ಮಾರು ಹೋಗಲು ಬಂತೆಂದರೆ ಬ್ಯಾಲೆನ್ಸ್ ಬಂದಂತೆ. ಬ್ರೇಕ್ ಹಿಡಿಯುವುದು ರೂಢಿಯಾದ ಮೇಲೆ ಪೆಡಲ್ ಹಾಕಿ.

ಸೀರೆ ಉಡುವವರಿಗೆ ಚೈನ್ ಕವರ್, ಹಿಂದಿನ ಗಾಲಿಗೆ ಜಾಳಿಗೆ ಬೇಕೇ ಬೇಕು. ಇನ್ನು ಕಬ್ಬಿನ ಹಂಗಾಮು ಬಂದರೆ ನಮ್ಮ ರಸ್ತೆ ತುಂಬ ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳು. ಮುಂದೆ ಲೈಟು, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ಸಂಜೆ ಹೊತ್ತು ಯಾರನ್ನೂ ಕಳಿಸಬೇಡಿ. ಟ್ರೇಲರ್ ಬಂದಾಗ ಇಳಿದು ಬದಿಗೆ ನಿಲ್ಲುವುದನ್ನೂ ಕಲಿಸಿ, ಅದರಲ್ಲಿ ನಾಚಿಕೆಯೇನಿಲ್ಲ.

ಮನೆಯಲ್ಲಿ ಸುಮ್ಮನೆ ನಿಂತ ಸೈಕಲ್ ಇದ್ದರೆ ಈ ಭಾನುವಾರವೇ ಗಾಳಿ ಹೊಡೆಸಿ, ಬ್ರೇಕ್ ಸರಿ ಮಾಡಿಸಿ. ಯಾರಾದರೂ ನೋಡಿ ನಕ್ಕಾರು ಎಂಬ ಅಳುಕಿದ್ದರೆ ಬೆಳಿಗ್ಗೆ ಆರಕ್ಕೇ ಅವ್ವನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ.